ಧಾರವಾಡದ ಸರಕಾರೀ ಶಾಲೆಯೂ ೧೮೫೬ನೆಯ ಇಸವಿಯ ಬಾಲಕನ ಅರ್ಜಿಯೂ

೧. ಪೀಠಿಕೆ

ಧಾರವಾಡದ ಶಿಕ್ಷಣೇತಿಹಾಸವನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಒಂದೇ ಸೂತ್ರವನ್ನು ಹಿಡಿದು ಬರೆದಿರುವರು. ೧೮೧೮ರಲ್ಲಿ ಪೇಶವೆಯವರ ಆಳಿಕೆ ಮುಗಿದು ಈ ಸೀಮೆಯು ಇಂಗ್ಲಿಷರ ಕೈಸೇರಿದುದು, ಮುಂಬಯಿ ಪ್ರಾಂತಕ್ಕೆ ಒಳಪಟ್ಟ ಕನ್ನಡ ಮಕ್ಕಳು ಮರಾಠೀ ಶಾಲೆಗಳಲ್ಲಿ ಓದಬೇಕಾಗಿ ಬಂದುದು, ವಾಲ್ಟರ್ ಎಲಿಯಟ್, ರಸೆಲ್ ಮೊದಲಾದ ಅಧಿಕಾರಿಗಳೂ ಡೆಪ್ಯುಟಿ ಚನ್ನಬಸಪ್ಪನವರೂ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದುದು, ೧೮೯೦ನೆಯ ಇಸವಿಯ ಜುಲೈ ೨೦ರಂದು ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದುದು, ಈ ಸಂಗತಿಗಳು ಒಂದರ ಹಿಂದೊಂದಾಗಿ ಬರುತ್ತವೆ. ಈ ಕಥನವು ಸತ್ಯವಾದದ್ದೇ. ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕದ್ದೇ. ಆದರೆ ಇದು ಶಾಲೆಯೊಳಗೆ ಯಾವ ಭಾಷೆಯು ಪ್ರವೇಶಿಸಬೇಕು ಎಂಬ ಪ್ರಶ್ನೆಯ ಇತಿಹಾಸ. ಶಾಲೆಯೊಳಗೆ ಯಾವ ಮಗು ಪ್ರವೇಶಿಸಬೇಕು ಎಂಬ ಇನ್ನೊಂದು ಪ್ರಶ್ನೆಯೂ ಇದೇ ಊರಿನಲ್ಲಿ, ಇದೇ ಕಾಲದಲ್ಲಿ ಎದ್ದಿತ್ತು. ಅದನ್ನೆತ್ತಿದವನು ಅಧಿಕಾರಿಯಲ್ಲ, ಪಂಡಿತನಲ್ಲ, ಸಂಘಸಂಸ್ಥೆಗಳ ಮುಖಂಡನೂ ಅಲ್ಲ. ಶಾಲೆಯ ಹೊರಗೆ ನಿಲ್ಲಿಸಲ್ಪಟ್ಟ ಒಬ್ಬ ಬಾಲಕನು.

೧೮೫೬ನೆಯ ಇಸವಿಯ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗನ ಹೆಸರಿನಿಂದ ಮುಂಬಯಿ ಸರಕಾರಕ್ಕೆ ಒಂದು ಅರ್ಜಿಯು ಹೋಯಿತು. ರೂಢಿಯ ಫೀಯನ್ನು ಕೊಡಲು ತಾನು ಸಿದ್ಧನಿದ್ದರೂ ಊರಿನ ಸರಕಾರೀ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂಬದು ಆ ಅರ್ಜಿಯ ಸಾರಾಂಶ. ಇಷ್ಟು ಚಿಕ್ಕ ಅರ್ಜಿಯು ಮುಂಬಯಿಯಿಂದ ಕಲಕತ್ತೆಗೂ ಅಲ್ಲಿಂದಾಚೆಗೆ ಲಂಡನ್ನಿಗೂ ಸಂಬಂಧಿಸಿದ ಪತ್ರವ್ಯವಹಾರಕ್ಕೆ ಕಾರಣವಾಯಿತು, ೧೮೮೨ರ ಶಿಕ್ಷಣ ಆಯೋಗದ ಚರ್ಚೆಯಲ್ಲಿ ಅದರ ಪರಿಣಾಮವು ಕಂಡಿತು, ೧೯೨೮ರಲ್ಲಿ ಡಾ. ಭೀಮರಾವ ಅಂಬೇಡಕರರ ನಿವೇದನದಲ್ಲಿ ಪುನಃ ಬೆಳಕಿಗೆ ಬಂದಿತು. ಈ ಅರ್ಜಿಯನ್ನು ಕುರಿತು ಇತಿಹಾಸಕಾರರು ಬರೆದಿರುವದು ಬಹುತರವಾಗಿ ಸರಕಾರವು ಕೊಟ್ಟ ಉತ್ತರದ ಇತಿಹಾಸವೇ. ಅರ್ಜಿಯನ್ನು ಅರ್ಜಿದಾರನ ಕಡೆಯಿಂದ ಓದಿದರೆ ಏನು ತಿಳಿಯುತ್ತದೆಂಬದನ್ನು ಪರೀಕ್ಷಿಸುವದೇ ಪ್ರಸ್ತುತ ಲೇಖನದ ಉದ್ದೇಶ.

೨. ಅರ್ಜಿಗೆ ಮುಂಚಿನ ಸ್ಥಿತಿ

ಸರಕಾರೀ ಶಾಲೆಯು ಯಾರಿಗಾಗಿ ಎಂಬ ವಿಷಯದಲ್ಲಿ ಮುಂಬಯಿ ಪ್ರಾಂತದ ಆಳರಸರ ಮನಸ್ಸು ಮೊದಲಿನಿಂದಲೂ ಒಂದು ಕಡೆಗೆ ವಾಲಿತ್ತು. ೧೮೧೯ರಿಂದ ೧೮೨೭ರ ವರೆಗೆ ಗವರ್ನರರಾಗಿದ್ದ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ನರು ೧೮೨೩-೨೪ರ ಸುಮಾರಿಗೆ ಶಿಕ್ಷಣವನ್ನು ಕುರಿತು ಬರೆದ ಟಿಪ್ಪಣಿಯಲ್ಲಿ ಈ ಮನೋಭಾವವು ವ್ಯಕ್ತವಾಗಿದೆ. ಕೆಳಜಾತಿಯವರೆನಿಸಿಕೊಂಡವರ ಮಕ್ಕಳು ಉತ್ತಮ ವಿದ್ಯಾರ್ಥಿಗಳಾಗುತ್ತಾರೆಂದು ಮಿಶನರಿಗಳು ಕಂಡುಕೊಂಡಿರುವರೆಂಬದನ್ನು ಅವರು ಒಪ್ಪುತ್ತಾರೆ. ಆದರೆ ಹೊಸ ವಿದ್ಯೆಯು ಮೊದಲು ಆ ವರ್ಗದಲ್ಲಿ ಬೇರೂರಿದರೆ ಮಿಕ್ಕವರು ಅದನ್ನು ಹೇಸಿ ದೂರವಿಡುವರು, ಆಗ ಅದು ಮೇಲಕ್ಕೆ ಹಬ್ಬಲಾರದು, ಆದುದರಿಂದ ಅವರಿಗೆ ವಿಶೇಷ ಉತ್ತೇಜನವನ್ನು ಕೊಡುವಲ್ಲಿ ಎಚ್ಚರಿಕೆಯಿಂದಿರಬೇಕು ಎಂಬದು ಅವರ ವಾದ. ಮಕ್ಕಳಲ್ಲಿ ಯೋಗ್ಯತೆಯಿಲ್ಲವೆಂದು ಇಲ್ಲಿ ಹೇಳಿಲ್ಲವೆಂಬದನ್ನು ವಾಚಕರು ಲಕ್ಷಿಸಬೇಕು. ಯೋಗ್ಯತೆಯುಂಟು, ಆದರೆ ಇತರರ ಮನಸ್ಸಿಗೆ ಬಾರದು ಎಂಬದೇ ಕಾರಣ.

೧೮೪೦ರಲ್ಲಿ ಮುಂಬಯಿಯಲ್ಲಿ ಶಿಕ್ಷಣ ಮಂಡಲವು ಏರ್ಪಟ್ಟಿತು. ಅದರ ಅಧ್ಯಕ್ಷರಾದ ಸರ್ ಅರ್ಸ್ಕಿನ್ ಪೆರಿಯವರ ಕಾಲದಲ್ಲಿ ಈ ನೀತಿಯು ಇನ್ನೂ ಸ್ಪಷ್ಟವಾಯಿತು. ಸರಕಾರದ ದ್ರವ್ಯವು ಪರಿಮಿತವಾದದ್ದು. ಅದನ್ನು ಮೇಲಿನ ವರ್ಗಗಳ ಶಿಕ್ಷಣಕ್ಕೆ ವಿನಿಯೋಗಿಸಿದರೆ ವಿದ್ಯೆಯು ಕ್ರಮೇಣ ಕೆಳಗಿನವರಿಗೆ ಇಳಿದುಬರುವದು ಎಂಬ ವಾದವನ್ನು ೧೮೫೦-೫೧ರ ಮಂಡಲದ ವರದಿಯಲ್ಲಿ ಕಾಣಬಹುದು. ಮೇಲಿನ ಹೊಲಕ್ಕೆ ಹಾಯಿಸಿದ ನೀರು ತಾನಾಗಿ ಕೆಳಗಿನ ಹೊಲಕ್ಕೆ ಇಳಿಯುವದೆಂಬ ಒಕ್ಕಲಿಗನ ಲೆಕ್ಕದಂತಿದೆ ಇದು. ಆದರೆ ನಡುವೆ ಒಡ್ಡು ಕಟ್ಟಿದ್ದರೆ ನೀರು ಇಳಿಯುವದಿಲ್ಲ. ಜಾತಿಯು ಅಂತಹ ಒಡ್ಡಾಗಿತ್ತು.

ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲದ ಅಭಿಪ್ರಾಯವು ಇದಕ್ಕಿಂತ ಭಿನ್ನವಾಗಿತ್ತು. ೧೮೫೪ನೆಯ ಇಸವಿಯ ಮೇ ೫ನೆಯ ತಾರೀಖಿನ ಪತ್ರದಲ್ಲಿ, ಕೇವಲ ಜಾತಿಯ ಕಾರಣದಿಂದ ಯಾವ ಬಾಲಕನಿಗೂ ಸರಕಾರೀ ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಪ್ರವೇಶವನ್ನು ನಿರಾಕರಿಸಕೂಡದೆಂಬ ತತ್ತ್ವವನ್ನು ಅದು ವಿಧಿಸಿತು. ಅದೇ ವರ್ಷದ ಜುಲೈ ೧೯ರಂದು ವುಡ್‌ರವರ ಪ್ರಸಿದ್ಧವಾದ ಶಿಕ್ಷಣಪತ್ರವು ಹೊರಟಿತು. ಮಾರನೆಯ ವರ್ಷ ಮುಂಬಯಿಯಲ್ಲಿ ಶಿಕ್ಷಣ ಮಂಡಲದ ಸ್ಥಾನದಲ್ಲಿ ವಿದ್ಯಾಖಾತೆಯು ನಿರ್ಮಿತವಾಯಿತು. ಎಂದರೆ ಧಾರವಾಡದ ಬಾಲಕನು ಶಾಲೆಯ ಬಾಗಿಲಿಗೆ ಬಂದಾಗ ಅವನನ್ನು ಒಳಗೆ ಕರೆದುಕೊಳ್ಳಬೇಕೆಂಬ ನಿಯಮವು ಹುಟ್ಟಿ ಎರಡು ವರ್ಷಗಳು ಕಳೆದಿದ್ದವು. ಅವನು ಹೊಸದೊಂದು ಹಕ್ಕನ್ನು ಬೇಡಲಿಲ್ಲ. ಆಗಲೇ ಇದ್ದ ಹಕ್ಕನ್ನು ಕೇಳಿದನು.

೩. ಅರ್ಜಿಯ ಪರೀಕ್ಷೆ

ಸರಕಾರೀ ದಾಖಲೆಗಳಲ್ಲಿ ಈ ಅರ್ಜಿಯ ವಿಷಯವು ಎರಡು ಮೂರು ಸಾಲುಗಳಲ್ಲಿ ಅಡಗಿದೆ. ಆದರೂ ಆ ಸಾಲುಗಳನ್ನು ಬಿಡಿಸಿ ನೋಡಿದರೆ ಕೆಲವು ಸಂಗತಿಗಳು ನಿಶ್ಚಿತವಾಗುತ್ತವೆ.

ಮೊದಲನೆಯದು ಫೀಯ ಮಾತು. ಬಾಲಕನು ತಾನು ಬಡವನೆಂದು ದಯೆಯನ್ನು ಯಾಚಿಸಿಲ್ಲ. ಎಲ್ಲರೂ ಕೊಡುವದನ್ನು ತಾನೂ ಕೊಡುತ್ತೇನೆ, ಎಲ್ಲರಿಗೂ ಸಿಗುವದು ತನಗೂ ಸಿಗಲಿ ಎಂಬದು ಅವನ ಮಾತಿನ ತಾತ್ಪರ್ಯ. ಬಡತನದಿಂದ ಶಾಲೆಗೆ ಬಾರದಿರುವದು ಬೇರೆ, ಬಂದವನನ್ನು ಹೊರಗಿಡುವದು ಬೇರೆ, ಎಂಬ ಭೇದವು ಈ ಒಂದು ಮಾತಿನಿಂದಲೇ ಸ್ಪಷ್ಟಪಡುತ್ತದೆ. ಅಸ್ಪೃಶ್ಯರೆನಿಸಿದವರು ವಿದ್ಯೆಯನ್ನು ಬಯಸುವದಿಲ್ಲ, ಆದುದರಿಂದಲೇ ಅವರ ಮಕ್ಕಳು ಶಾಲೆಗಳಲ್ಲಿ ಕಾಣುವದಿಲ್ಲ ಎಂದು ಹೇಳುವವರಿಗೆ ಈ ಅರ್ಜಿಯೇ ಉತ್ತರ.

ಎರಡನೆಯದು ಅರ್ಜಿಯನ್ನು ಒಯ್ದ ದಾರಿ. ನಿರಾಕರಣವಾದದ್ದು ಧಾರವಾಡದಲ್ಲಿ, ದೂರು ಹೋದದ್ದು ಮುಂಬಯಿಗೆ. ಊರಿನ ಶಾಲೆಯ ಮೇಲೆ ಊರಿನವರಿಗಿಂತ ಹೆಚ್ಚಿನ ಅಧಿಕಾರವುಳ್ಳದ್ದೊಂದಿದೆ, ಅದು ನ್ಯಾಯವನ್ನು ಕೊಡಬೇಕಾದದ್ದು ಎಂಬ ತಿಳಿವಳಿಕೆಯು ಇದರಲ್ಲಿ ಕಾಣುತ್ತದೆ. ಸರಕಾರೀ ಶಾಲೆ ಎಂಬ ಪದದಲ್ಲಿ ಮೊದಲನೆಯ ಅರ್ಧಕ್ಕೆ ಏನು ಬೆಲೆ ಎಂದು ಪರೀಕ್ಷಿಸಿದವನು ಈ ಬಾಲಕನು.

ಮೂರನೆಯದು ಹೆಸರಿನ ಮಾತು. ಸರಕಾರೀ ಲೇಖದಲ್ಲಿ ಅವನು ಒಬ್ಬ ಮಹಾರ ಹುಡುಗನೆಂದು ಮಾತ್ರ ಬರುತ್ತಾನೆ. ಮಹಾರ ಎಂಬದು ಮರಾಠೀ ನಾಡಿನ ಸಂಜ್ಞೆ. ಕನ್ನಡ ನಾಡಿನಲ್ಲಿ ಅದಕ್ಕೆ ಸಮಾನವಾದ ಸ್ಥಾನದಲ್ಲಿದ್ದವರು ಹೊಲೆಯರು. ಮುಂಬಯಿ ಪ್ರಾಂತದ ಅಧಿಕಾರಿಗಳು ಮರಾಠೀ ನಾಡಿನ ಶಬ್ದಗಳಿಂದಲೇ ಇಡಿಯ ಪ್ರಾಂತವನ್ನು ಅಳೆಯುತ್ತಿದ್ದರಾಗಿ ಈ ಒಂದು ಶಬ್ದದಿಂದ ಬಾಲಕನ ಮನೆಮಾತನ್ನು ಊಹಿಸುವದು ಯುಕ್ತವಲ್ಲ. ಅವನ ಸ್ವಂತ ಹೆಸರಿನ ಸ್ಥಾನವನ್ನು ಜಾತಿಯ ಹೆಸರು ಆಕ್ರಮಿಸಿದೆಯೆಂಬದಷ್ಟೇ ಇಲ್ಲಿ ಮುಖ್ಯ. ಅವನನ್ನು ಶಾಲೆಯಿಂದ ಹೊರಗಿಟ್ಟ ಶಬ್ದವೇ ದಾಖಲೆಯಲ್ಲಿ ಅವನ ಗುರುತಾಗಿ ಉಳಿಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಅರ್ಜಿಯು ಬಾಲಕನ ಹೆಸರಿನಿಂದ ಸಲ್ಲಿಸಲ್ಪಟ್ಟಿತೆಂದು ದಾಖಲೆಯು ಹೇಳುತ್ತದೆ. ಶಾಲೆಯನ್ನೇ ಕಾಣದ ಬಾಲಕನು ಅರ್ಜಿಯನ್ನು ಬರೆಯುವದು ಹೇಗೆ, ಹಿರಿಯರಾರೋ ಬರೆಸಿರಬೇಕು, ಆದುದರಿಂದ ಅದನ್ನು ಬಾಲಕನ ಮಾತೆಂದು ಗಣಿಸಕೂಡದು, ಎಂದು ಯಾರಾದರೂ ಹೇಳಬಹುದು. ಆದರೆ ಆ ಕಾಲದಲ್ಲಿ ಅರ್ಜಿ ಬರೆಯುವದು ಒಂದು ವೃತ್ತಿಯೇ ಆಗಿತ್ತು. ಗೌಡರೂ ವ್ಯಾಪಾರಿಗಳೂ ಇನಾಮದಾರರೂ ಬರೆಯಬಲ್ಲವರ ಕೈಯಿಂದಲೇ ಅರ್ಜಿಗಳನ್ನು ಬರೆಯಿಸುತ್ತಿದ್ದರು. ಲೇಖಣಿಯು ಕಾರಕೂನನದೆಂದು ಇನಾಮದಾರನ ಹಕ್ಕನ್ನು ಯಾವ ಇತಿಹಾಸಕಾರನೂ ಕಾರಕೂನನ ಹಕ್ಕೆಂದು ಹೇಳಿಲ್ಲ. ದೊಡ್ಡವರ ವಿಷಯದಲ್ಲಿ ಒಪ್ಪಿದ ನ್ಯಾಯವನ್ನು ಚಿಕ್ಕವನ ವಿಷಯದಲ್ಲಿ ಅಲ್ಲಗಳೆಯುವದು ಸರಿಯಲ್ಲ. ಬಾಗಿಲಿಗೆ ಹೋದವನು ಅವನು, ಹಿಂದಿರುಗಿಸಲ್ಪಟ್ಟವನು ಅವನು. ಅರ್ಜಿಯಲ್ಲಿರುವ ಅನುಭವವು ಅವನದೇ.

೪. ಮುಂಬಯಿ ಸರಕಾರದ ಠರಾವು

೧೮೫೬ನೆಯ ಇಸವಿಯ ಜುಲೈ ೨೧ರಂದು ಮುಂಬಯಿ ಸರಕಾರವು ಈ ಅರ್ಜಿಯ ಮೇಲೆ ಠರಾವು ಮಾಡಿತು. ಅದರ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು: ಈ ಪ್ರಶ್ನೆಯು ಆಚರಣೆಯಲ್ಲಿ ಬಹಳ ಕಠಿಣವಾದದ್ದು. ತತ್ತ್ವದ ದೃಷ್ಟಿಯಿಂದ ನ್ಯಾಯವು ಅರ್ಜಿದಾರನ ಕಡೆಗಿದೆಯೆಂಬದರಲ್ಲಿ ಸಂಶಯವಿಲ್ಲ. ಅವನಿಗೆ ಅಡ್ಡಬಂದಿರುವ ಪೂರ್ವಗ್ರಹಗಳು ಬೇಗನೆ ದೂರವಾಗುವವೆಂದು ಸರಕಾರವು ನಂಬಿದೆ. ಆದರೆ ಒಬ್ಬಿಬ್ಬರ ಸಲುವಾಗಿ ಬಹುಕಾಲದ ಪೂರ್ವಗ್ರಹಗಳಲ್ಲಿ ತಟ್ಟನೆ ಕೈಹಾಕಿದರೆ ಶಿಕ್ಷಣದ ಕಾರ್ಯಕ್ಕೇ ಹಾನಿಯಾದೀತು. ಅರ್ಜಿದಾರನ ತೊಂದರೆಯು ಈ ಸರಕಾರದಿಂದ ಹುಟ್ಟಿದುದಲ್ಲ. ಆದುದರಿಂದ ಅವನ ಪಕ್ಷ ವಹಿಸಿ ಅದನ್ನು ಒಮ್ಮೆಗೇ ನಿವಾರಿಸಲು ಸರಕಾರದಿಂದ ಆಗದು.

ಈ ಠರಾವಿನಲ್ಲಿ ಮೂರು ವಾದಗಳಿವೆ. ಒಂದೊಂದನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು.

ಒಬ್ಬಿಬ್ಬರ ಸಲುವಾಗಿ ಎಂಬದು ಮೊದಲನೆಯ ವಾದ. ಇಲ್ಲಿ ಎಣಿಕೆಯ ದೋಷವಿದೆ. ಒಂದು ವರ್ಗಕ್ಕೆ ವರ್ಗವನ್ನೇ ಹೊರಗಿಟ್ಟಾಗ ಬಾಗಿಲವರೆಗೆ ಬರುವ ಧೈರ್ಯವು ಒಬ್ಬಿಬ್ಬರಿಗೇ ಇರುವದು ಸ್ವಾಭಾವಿಕ. ಬಂದವರು ಸ್ವಲ್ಪ ಮಂದಿಯೆಂದು ಅವರನ್ನು ತಿರುಗಿಸುವದು, ತಿರುಗಿಸಿದ್ದರಿಂದ ಮಿಕ್ಕವರು ಬಾರದಿರುವದು, ಬಾರದಿರುವದರಿಂದ ಬೇಡಿಕೆಯೇ ಇಲ್ಲವೆಂದು ತೀರ್ಮಾನಿಸುವದು, ಹೀಗೆ ಈ ವಾದವು ತನ್ನ ಆಧಾರವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ತೊಂದರೆಯು ಸರಕಾರದಿಂದ ಹುಟ್ಟಿದುದಲ್ಲವೆಂಬದು ಎರಡನೆಯದು. ಅಸ್ಪೃಶ್ಯತೆಯು ಕಂಪನಿ ಸರಕಾರದ ನಿರ್ಮಾಣವಲ್ಲವೆಂಬದು ನಿಜ. ಆದರೆ ಬಾಲಕನು ಅಸ್ಪೃಶ್ಯತೆಯನ್ನು ನಿರ್ಮೂಲ ಮಾಡಿರೆಂದು ಕೇಳಲಿಲ್ಲ. ಶಾಲೆಯು ಸರಕಾರದ್ದು, ಅದರ ಆಡಳಿತವು ಸರಕಾರದ ಖಾತೆಗೆ ಸೇರಿದ್ದು, ಪ್ರವೇಶವಿಲ್ಲವೆಂದು ಹೇಳಿದ ಬಾಯಿಯೂ ಸರಕಾರದ್ದೇ. ಊರಿನ ಪೂರ್ವಗ್ರಹವು ಊರಿನಲ್ಲಿರುವ ತನಕ ಅದು ರೂಢಿ; ಸರಕಾರೀ ಶಾಲೆಯ ಬಾಗಿಲಿನಲ್ಲಿ ನಿಂತೊಡನೆ ಅದು ಸರಕಾರದ ಆಜ್ಞೆಯಾಗುತ್ತದೆ. ಠರಾವು ಈ ಭೇದವನ್ನು ಮರೆಯಿಸಿತು.

ಪೂರ್ವಗ್ರಹಗಳು ಬೇಗನೆ ದೂರವಾಗುವವೆಂಬದು ಮೂರನೆಯದು. ಇಂತಹ ಭರವಸೆಗೆ ಅವಧಿಯಿರುವದಿಲ್ಲ. ಆದರೆ ಬಾಲ್ಯಕ್ಕೆ ಅವಧಿಯಿದೆ. ಸಮಾಜವು ಹತ್ತು ಇಪ್ಪತ್ತು ವರ್ಷ ಕಾಯಬಹುದು, ರಾಜ್ಯವು ನೂರು ವರ್ಷ ಕಾಯಬಹುದು. ಅಕ್ಷರ ಕಲಿಯುವ ವಯಸ್ಸಿನ ಹುಡುಗನಿಗೆ ಐದು ವರ್ಷ ಕಾಯೆಂದು ಹೇಳಿದರೂ ಅದು ಕೊಟ್ಟ ಉತ್ತರವಲ್ಲ, ಮುಚ್ಚಿದ ಬಾಗಿಲು. ಅರ್ಜಿದಾರನು ಬಾಲಕನೆಂಬ ಸಂಗತಿಯನ್ನು ಠರಾವು ಬರೆದವರು ಮನಸ್ಸಿಗೆ ತಂದುಕೊಂಡಿದ್ದರೆ ಈ ವಾಕ್ಯವು ಅವರಿಗೇ ಅಸಂಗತವಾಗಿ ತೋರುತ್ತಿತ್ತು.

೫. ಕಲಕತ್ತೆಯ ಪತ್ರವೂ ಲಂಡನ್ನಿನ ಆಜ್ಞೆಯೂ

೧೮೫೭ನೆಯ ಇಸವಿಯ ಜನವರಿ ೨೩ರಂದು ಭಾರತ ಸರಕಾರವು ಈ ವಿಷಯವಾಗಿ ಮುಂಬಯಿಗೆ ಪತ್ರ ಬರೆಯಿತು. ಮುಂಬಯಿ ಸರಕಾರವು ವಿವೇಕದಿಂದ ನಡೆದುಕೊಂಡಿರಬಹುದೆಂದು ಅದರಲ್ಲಿ ಮೊದಲು ಒಪ್ಪಲಾಗಿದೆ. ಅದರ ಬೆನ್ನಿಗೇ, ಬಂಗಾಲ ಪ್ರಾಂತದ ಯಾವ ಸರಕಾರೀ ಶಾಲೆಯಲ್ಲಿಯೂ ಆ ಬಾಲಕನಿಗೆ ಪ್ರವೇಶವನ್ನು ನಿರಾಕರಿಸುತ್ತಿರಲಿಲ್ಲವೆಂದು ಸೇರಿಸಲಾಗಿದೆ. ಬಂಗಾಲದ ಶಾಲೆಗಳಲ್ಲಿ ಅಂತಹ ಬಾಲಕರು ವಾಸ್ತವವಾಗಿ ಎಷ್ಟು ಮಂದಿ ಓದುತ್ತಿದ್ದರೆಂಬದು ಈ ಮಾತಿನಿಂದ ಸಿದ್ಧವಾಗುವದಿಲ್ಲ. ಅದು ನೀತಿಯನ್ನು ಕುರಿತ ಮಾತು. ಆದರೂ ಮೆಚ್ಚಿಕೆಯ ರೂಪದಲ್ಲಿ ಬಂದ ಈ ಆಕ್ಷೇಪವು ಮುಂಬಯಿಯವರಿಗೆ ತಾಗದೆ ಇರಲಿಲ್ಲ.

ಇದಾದ ಮೇಲೆ ಮುಂಬಯಿ ಸರಕಾರವು ತನ್ನ ನಿಲುವನ್ನು ತಿದ್ದಿಕೊಂಡಿತು. ಕೇವಲ ಸರಕಾರದ ವೆಚ್ಚದಿಂದ ನಡೆಯುವ ಶಾಲೆಗಳು ಸರಕಾರದ ಪ್ರಜೆಗಳೆಲ್ಲರಿಗೂ ಭೇದವಿಲ್ಲದೆ ತೆರೆದಿರಬೇಕು ಎಂದು ಅದು ನಿರ್ಧರಿಸಿತು. ಊರಿನವರ ವಂತಿಗೆಯೂ ಸೇರಿ ನಡೆಯುವ ಶಾಲೆಗಳಲ್ಲಿ ದಾತೃಗಳು ಒಪ್ಪದಿದ್ದರೆ ಇಂತಹ ಮಕ್ಕಳನ್ನು ಒಳಗೆ ಸೇರಿಸುವ ಉದ್ದೇಶವಿಲ್ಲ. ಆದರೆ ಜಾತಿಯ ಅಥವಾ ಕುಲದ ಕಾರಣದಿಂದ ಯಾವದೊಂದು ವರ್ಗಕ್ಕೆ ವಿದ್ಯೆಯನ್ನು ನಿರಾಕರಿಸುವ ಶಾಲೆಗೆ ಸರಕಾರದ ನೆರವನ್ನು ನಿಲ್ಲಿಸುವ ಅಧಿಕಾರವು ತನ್ನಲ್ಲಿಯೇ ಇರುವದು, ಎಂದೂ ಹೇಳಿತು. ಸರಕಾರದ ಶಾಲೆ, ಸರಕಾರದ ನೆರವು ಪಡೆಯುವ ಶಾಲೆ ಎಂಬ ಈ ವಿಭಾಗವು ಮುಂದಿನ ಶತಮಾನದ ಶಾಸನಗಳಲ್ಲಿ ಪುನಃ ಪುನಃ ಬರುವದರಿಂದ ಇದನ್ನು ನೆನಪಿನಲ್ಲಿಡಬೇಕು.

ಲಂಡನ್ನಿನ ನಿರ್ದೇಶಕ ಮಂಡಲವು ೧೮೫೮ನೆಯ ಇಸವಿಯ ಏಪ್ರಿಲ್ ೨೮ನೆಯ ತಾರೀಖಿನ ೫೮ನೆಯ ನಂಬರಿನ ಆಜ್ಞಾಪತ್ರದಲ್ಲಿ ತನ್ನ ಹಿಂದಿನ ತತ್ತ್ವವನ್ನೇ ದೃಢಪಡಿಸಿತು. ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗಾಗಿ ಇರುವವು. ಈ ತತ್ತ್ವದಿಂದ ಹಿಮ್ಮೆಟ್ಟುವದು ಶಕ್ಯವಿಲ್ಲ. ಇದರಿಂದ ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಹೋಗಲಿ, ಬೇಕಾದರೆ ಅವರು ಸ್ವಂತ ಹಣದಿಂದ ತಮಗಾಗಿ ಶಾಲೆಗಳನ್ನು ಮಾಡಿಕೊಳ್ಳಲಿ ಎಂಬದು ಮಂಡಲದ ಧೋರಣೆ. ಹೀಗೆ ಧಾರವಾಡದ ಬಾಲಕನು ಅರ್ಜಿಯಲ್ಲಿ ಸೋತರೂ ವಾದದಲ್ಲಿ ಗೆದ್ದನು.

ಆದರೆ ಕಾಲವು ವಿಷಮವಾಗಿತ್ತು. ಉತ್ತರ ಹಿಂದುಸ್ಥಾನದಲ್ಲಿ ೧೮೫೭ರ ದಂಗೆಯು ಇನ್ನೂ ಆರಿರಲಿಲ್ಲ. ಈ ಆಜ್ಞಾಪತ್ರಕ್ಕೆ ತಿಂಗಳು ತುಂಬುವಷ್ಟರಲ್ಲಿ, ಮೇ ತಿಂಗಳ ಕೊನೆಗೆ, ಧಾರವಾಡ ಜಿಲ್ಲೆಯ ನರಗುಂದದಲ್ಲಿಯೇ ಬಾಬಾಸಾಹೇಬರು ಬಂಡಾಯ ಹೂಡಿದರು. ಅದೇ ವರ್ಷ ಕಂಪನಿಯ ಆಳಿಕೆಯೇ ಮುಗಿಯಿತು. ನವೆಂಬರ್ ೧ರ ರಾಣಿಯ ಘೋಷಣೆಯಲ್ಲಿ ಪ್ರಜೆಗಳ ಮತವಿಷಯದಲ್ಲಿ ಸರಕಾರವು ಕೈಹಾಕದೆಂಬ ವಚನವು ಬಂದಿತು. ಇಂತಹ ಕಾಲದಲ್ಲಿ ಶಾಲೆಯ ಬಾಗಿಲನ್ನು ತೆರೆಯಿಸುವ ಸಾಹಸಕ್ಕೆ ಜಿಲ್ಲೆಯ ಅಧಿಕಾರಿಗಳು ಕೈಯಿಕ್ಕುವದು ಕಠಿಣವಾಗಿತ್ತು.

೬. ತತ್ತ್ವಕ್ಕೂ ಬಾಗಿಲಿಗೂ ಇದ್ದ ದೂರ

೧೮೮೨ನೆಯ ಇಸವಿಯಲ್ಲಿ ಸರ್ ವಿಲಿಯಂ ಹಂಟರರ ಅಧ್ಯಕ್ಷತೆಯಲ್ಲಿ ನೇಮಕವಾದ ಶಿಕ್ಷಣ ಆಯೋಗವು ಈ ಪ್ರಶ್ನೆಯನ್ನು ತಿರುಗಿ ಕೈಗೆತ್ತಿಕೊಂಡಿತು. ೧೮೫೪ರ ಪತ್ರವನ್ನೂ ೧೮೫೮ರ ಆಜ್ಞಾಪತ್ರವನ್ನೂ ಹೆಸರಿಸಿ, ಆ ತತ್ತ್ವವನ್ನು ಮತ್ತೊಮ್ಮೆ ಸಾರಬೇಕೆಂದು ಅದು ಸಲಹೆ ಮಾಡಿತು. ಆದರೆ ಅದನ್ನು ತಕ್ಕ ಎಚ್ಚರಿಕೆಯಿಂದ ಅನ್ವಯಿಸಬೇಕೆಂಬ ಮಾತನ್ನೂ ಜೊತೆಗೆ ಸೇರಿಸಿತು. ಶಿಕ್ಷಕರಾಗಲಿ ಇನ್‌ಸ್ಪೆಕ್ಟರರಾಗಲಿ ಸಾಮಾಜಿಕ ಬದಲಾವಣೆಯನ್ನು ಬಲಾತ್ಕಾರದಿಂದ ತರಲು ಹೋಗಕೂಡದು. ಮಕ್ಕಳ ಸಂಖ್ಯೆಯು ಸಾಕಷ್ಟಿರುವಲ್ಲಿ ಪ್ರತ್ಯೇಕ ಶಾಲೆಗಳನ್ನು ತೆರೆಯಬಹುದು ಎಂದು ಹೇಳಿತು. ಇಪ್ಪತ್ತಾರು ವರ್ಷಗಳ ಹಿಂದೆ ಬೇಗನೆ ದೂರವಾಗುವವೆಂದು ನಂಬಿದ್ದ ಪೂರ್ವಗ್ರಹಗಳು ಇನ್ನೂ ಇದ್ದವೆಂಬದಕ್ಕೆ ಈ ಸಲಹೆಯೇ ಸಾಕ್ಷಿ.

ಸರಕಾರವು ಹಿಂಜರಿದ ಕಾರ್ಯವನ್ನು ಖಾಸಗಿಯವರು ಅಲ್ಲಲ್ಲಿ ಕೈಕೊಂಡರು. ಕನ್ನಡ ಕರಾವಳಿಯ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೨ರಲ್ಲಿ ಇಂತಹ ಮಕ್ಕಳಿಗಾಗಿ ಶಾಲೆಯನ್ನು ಪ್ರಾರಂಭಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ೧೯೦೬ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ನಿರಾಶ್ರಿತರ ಮಿಶನ್ ಸಂಸ್ಥೆಯ ಶಾಖೆಯು ಹುಬ್ಬಳ್ಳಿಯಲ್ಲಿಯೂ ಕೆಲಸ ಮಾಡಿತು. ಮುಂದೆ ಅದೇ ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ, ನಾಗಮ್ಮ ಪಾಟೀಲ ದಂಪತಿಗಳು ಹರಿಜನ ಬಾಲಿಕಾಶ್ರಮವನ್ನು ನಡೆಯಿಸಿದರು. ಈ ಮಹನೀಯರ ಸೇವೆಯು ಸ್ತುತ್ಯವಾದದ್ದು. ಆದರೆ ಪ್ರತ್ಯೇಕ ಶಾಲೆಯೂ ಆಶ್ರಮವೂ ಬಾಲಕನಿಗೆ ವಿದ್ಯೆಯನ್ನು ಕೊಡಬಲ್ಲವು. ಊರಿನ ಶಾಲೆಯಲ್ಲಿ ಎಲ್ಲರ ಜೊತೆಗೆ ಕೂಡುವ ಹಕ್ಕನ್ನು ಕೊಡಲಾರವು. ಧಾರವಾಡದ ಅರ್ಜಿಯಲ್ಲಿ ಕೇಳಿದುದು ಈ ಎರಡನೆಯದನ್ನು.

೧೯೨೩ನೆಯ ಇಸವಿಯ ಅಗಸ್ಟ್ ೪ರಂದು ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರು ಮಂಡಿಸಿದ ಠರಾವು ಸ್ವೀಕೃತವಾಯಿತು. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳಂತೆಯೇ ಸರಕಾರೀ ಶಾಲೆ, ಕಚೇರಿ, ನ್ಯಾಯಾಲಯ, ದವಾಖಾನೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂಬದು ಅದರ ಆಶಯ. ಅರ್ಜಿಯಿಂದ ಈ ಠರಾವಿನ ವರೆಗೆ ಅರುವತ್ತೇಳು ವರ್ಷಗಳಾದವು. ೧೮೫೪ರಲ್ಲಿಯೇ ಸಾರಿದ ತತ್ತ್ವವನ್ನು ೧೯೨೩ರಲ್ಲಿ ಶಾಸನಸಭೆಯು ಹೊಸದಾಗಿ ಸಾರಬೇಕಾಯಿತೆಂದರೆ, ನಡುವಣ ಕಾಲದಲ್ಲಿ ಅದು ಕಾಗದದ ಮೇಲೆ ಮಾತ್ರ ಇತ್ತೆಂದೇ ಅರ್ಥ.

೧೯೨೮ನೆಯ ಇಸವಿಯ ಮೇ ೨೯ರಂದು ಡಾ. ಅಂಬೇಡಕರರು ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಒಂದು ನಿವೇದನವನ್ನು ಒಪ್ಪಿಸಿದರು. ಮುಂಬಯಿ ಪ್ರಾಂತದಲ್ಲಿ ದಲಿತ ವರ್ಗಗಳ ಶಿಕ್ಷಣದ ಸ್ಥಿತಿಯನ್ನು ಅದರಲ್ಲಿ ಅವರು ಎಲ್ಫಿನ್‌ಸ್ಟನ್ನರ ಟಿಪ್ಪಣಿಯಿಂದ ಮೊದಲುಗೊಂಡು ದಾಖಲೆಗಳ ಆಧಾರದಿಂದ ನಿರೂಪಿಸಿದ್ದಾರೆ. ಧಾರವಾಡದ ಬಾಲಕನ ಪ್ರಕರಣಕ್ಕೆ ಅದರಲ್ಲಿ ಮುಖ್ಯವಾದ ಸ್ಥಾನವಿದೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಅವರು ದಲಿತ ವರ್ಗಗಳ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮಾಧ್ಯಮಿಕ ಶಾಲೆಗಳ ವಿದ್ಯಾರ್ಥಿಗಳಿಗಾಗಿ ಪನವೇಲ, ಠಾಣೆ, ನಾಸಿಕ, ಪುಣೆಗಳಲ್ಲಿ ವಸತಿಗೃಹಗಳು ಏರ್ಪಟ್ಟಾಗ ಐದನೆಯದು ಧಾರವಾಡದಲ್ಲಿ ಏರ್ಪಟ್ಟಿತು. ಒಬ್ಬ ಬಾಲಕನನ್ನು ಹಿಂದಿರುಗಿಸಿದ ಊರಿಗೆ ಎಪ್ಪತ್ತು ವರ್ಷಗಳ ತರುವಾಯ ಅವನ ವರ್ಗದ ವಿದ್ಯಾರ್ಥಿಗಳು ಹೊರಗಿನಿಂದ ಬಂದು ನೆಲಸಿ ಓದುವಂತಾಯಿತು.

೭. ಸಾಕ್ಷಿಗಳು ಯಾರು?

ಇಷ್ಟರ ವರೆಗಿನ ವೃತ್ತಾಂತದಿಂದ ಸಂಶೋಧಕರು ಗ್ರಹಿಸಬೇಕಾದ ಸಂಗತಿಯೊಂದಿದೆ. ಶಾಲೆಯಿಂದ ಹೊರಗಿಡುವ ಪ್ರಶ್ನೆಯನ್ನು ಮೊದಲು ದಾಖಲೆಗೆ ತಂದವನು ಬಾಲಕನು; ಆದರೆ ಮುಂದೆ ನಡೆದ ಯಾವ ವಿಚಾರಣೆಯಲ್ಲಿಯೂ ಬಾಲಕರಿಗೆ ಪ್ರಮುಖವಾದ ಸ್ಥಾನ ಸಿಗಲಿಲ್ಲ. ಹಂಟರ್ ಆಯೋಗದ ಮುಂದೆ ಸಾಕ್ಷಿ ನುಡಿದವರು ಅಧಿಕಾರಿಗಳು, ಮಿಶನರಿಗಳು, ಅಧ್ಯಾಪಕರು, ಊರ ಗಣ್ಯರು. ಇವರ ನಡುವೆ ಪುಣೆಯ ಜೋತಿರಾವ ಫುಲೆಯವರು ೧೮೮೨ರ ಅಕ್ಟೋಬರದಲ್ಲಿ ಒಪ್ಪಿಸಿದ ನಿವೇದನವು ಭಿನ್ನವಾದದ್ದು. ೧೮೪೮ರಿಂದ ಶಾಲೆಗಳನ್ನು ನಡೆಯಿಸಿದ ಅನುಭವದಿಂದ, ಮಹಾರ ಮೊದಲಾದವರ ಮಕ್ಕಳು ವಾಸ್ತವದಲ್ಲಿ ಎಲ್ಲ ಶಾಲೆಗಳಿಂದಲೂ ಹೊರಗುಳಿದಿರುವರೆಂದು ಅವರು ತಿಳಿಸ

ಿದರು, ಹನ್ನೆರಡು ವರ್ಷದ ವರೆಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದೂ ಕೇಳಿದರು. ಮಕ್ಕಳ ಸಮೀಪದಲ್ಲಿದ್ದವರ ಸಾಕ್ಷ್ಯಕ್ಕೂ ದೂರದಿಂದ ನೋಡಿದವರ ಸಾಕ್ಷ್ಯಕ್ಕೂ ಇರುವ ಅಂತರವು ಇಲ್ಲಿ ಕಾಣುತ್ತದೆ.

ಮಕ್ಕಳ ಸಾಕ್ಷ್ಯವು ಏಕೆ ಬೇಕು? ಪ್ರವೇಶದ ಪಟ್ಟಿಯು ತಿಳಿಸಲಾರದುದನ್ನು ಅದು ತಿಳಿಸುತ್ತದೆ. ಡಾ. ಅಂಬೇಡಕರರ ಬಾಲ್ಯವೇ ಇದಕ್ಕೆ ಉದಾಹರಣೆ. ಸಾತಾರೆಯ ಶಾಲೆಯಲ್ಲಿ ಅವರಿಗೆ ಪ್ರವೇಶವಿತ್ತು, ಪಟ್ಟಿಯಲ್ಲಿ ಹೆಸರಿತ್ತು, ಇಲಾಖೆಯ ಲೆಕ್ಕದಲ್ಲಿ ಆ ಶಾಲೆಯು ಎಲ್ಲರಿಗೂ ತೆರೆದ ಶಾಲೆಯೇ. ಆದರೆ ಕೂಡ್ರಲು ಮನೆಯಿಂದ ಗೋಣಿತಟ್ಟನ್ನು ಒಯ್ಯಬೇಕಾಗಿತ್ತು, ಎಲ್ಲರಿಂದ ದೂರ ಕೂಡ್ರಬೇಕಾಗಿತ್ತು, ಜವಾನನು ಬಂದು ನಳವನ್ನು ತಿರುಗಿಸದಿದ್ದರೆ ದಿನವಿಡೀ ನೀರಿಲ್ಲದೆ ಇರಬೇಕಾಗಿತ್ತು. ಇದನ್ನು ಅವರು ೧೯೩೦ರ ದಶಕದಲ್ಲಿ ಬರೆದಿಟ್ಟ ಆತ್ಮವೃತ್ತದಿಂದ ನಾವು ಬಲ್ಲೆವು; ಯಾವ ಇನ್‌ಸ್ಪೆಕ್ಟರರ ವರದಿಯಿಂದಲೂ ಅಲ್ಲ. ಕನ್ನಡದಲ್ಲಿಯೂ ವಿಜಾಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆಯವರಾದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮೊದಲಾದ ಆತ್ಮಕಥನಗಳು ಸ್ವಾತಂತ್ರ್ಯಾನಂತರದ ಶಾಲೆಯನ್ನು ಮಗುವಿನ ಕಣ್ಣಿನಿಂದ ತೋರಿಸಿವೆ. ಹೊರಗಿಡುವಿಕೆಯು ಬಾಗಿಲಿನಲ್ಲಿ ಮುಗಿಯುವದಿಲ್ಲ, ಒಳಗೂ ಮುಂದುವರಿಯುತ್ತದೆ ಎಂಬ ಸತ್ಯವು ಇವುಗಳಿಂದ ಸ್ಥಾಪಿತವಾಗುತ್ತದೆ.

ಆದರೆ ಇವೆಲ್ಲ ಹಿರಿಯರಾದ ಮೇಲೆ ನೆನೆದು ಬರೆದವು. ಬರೆಯುವ ಶಕ್ತಿ ಬರುವ ವರೆಗೆ ಶಾಲೆಯಲ್ಲಿ ಉಳಿದವರು ಮಾತ್ರವೇ ಹೀಗೆ ಬರೆಯಬಲ್ಲರು. ಬಾಗಿಲಿನಿಂದಲೇ ಹಿಂದಿರುಗಿದವರ, ನಡುವೆ ಬಿಟ್ಟುಹೋದವರ ಆತ್ಮಕಥನಗಳು ಹುಟ್ಟುವದಿಲ್ಲ. ಆದುದರಿಂದ ಅವರ ಮಾತನ್ನು ಅವರು ಬಾಲಕರಾಗಿರುವಾಗಲೇ ಕೇಳಬೇಕಾಗುತ್ತದೆ. ಧಾರವಾಡದ ಅರ್ಜಿಯ ಅಪೂರ್ವತೆಯು ಇದರಲ್ಲಿದೆ: ಅದು ಹಿಂದಿರುಗಿದವನ ಮಾತು, ಹಿಂದಿರುಗಿದ ಕಾಲದಲ್ಲಿಯೇ ನುಡಿದ ಮಾತು.

೮. ಉಪಸಂಹಾರ

೧೯೫೦ನೆಯ ಇಸವಿಯ ಜನವರಿ ೨೬ರಂದು ಜಾರಿಗೆ ಬಂದ ಭಾರತ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ೨೯ನೆಯ ಅನುಚ್ಛೇದದ ಎರಡನೆಯ ಖಂಡದ ಪ್ರಕಾರ, ರಾಜ್ಯವು ನಡೆಯಿಸುವ ಅಥವಾ ರಾಜ್ಯದ ನೆರವು ಪಡೆಯುವ ವಿದ್ಯಾಸಂಸ್ಥೆಯಲ್ಲಿ ಮತ, ಕುಲ, ಜಾತಿ, ಭಾಷೆ ಇವುಗಳ ಕಾರಣದಿಂದ ಮಾತ್ರವೇ ಯಾವ ನಾಗರಿಕನಿಗೂ ಪ್ರವೇಶವನ್ನು ನಿರಾಕರಿಸಕೂಡದು. ಕೇವಲ ಜಾತಿಯ ಕಾರಣದಿಂದ ಎಂಬ ೧೮೫೪ರ ಮಾತಿಗೂ, ಸರಕಾರದ ಶಾಲೆ ಮತ್ತು ನೆರವಿನ ಶಾಲೆ ಎಂಬ ಮುಂಬಯಿಯ ವಿಭಾಗಕ್ಕೂ ಈ ಖಂಡಕ್ಕೂ ಇರುವ ಸಾಮ್ಯವನ್ನು ವಾಚಕರು ಗಮನಿಸಬಹುದು. ವ್ಯತ್ಯಾಸವು ಮುಖ್ಯವಾಗಿ ಎರಡು. ನೆರವಿನ ಶಾಲೆಗೆ ಅಂದು ಕೊಟ್ಟಿದ್ದ ವಿನಾಯಿತಿಯು ಇಲ್ಲಿಲ್ಲ. ಮತ್ತು ಅಂದು ಅಧಿಕಾರಿಗಳ ಎಚ್ಚರಿಕೆಗೆ ಬಿಟ್ಟಿದ್ದ ತತ್ತ್ವವು ಇಲ್ಲಿ ನ್ಯಾಯಾಲಯದಲ್ಲಿ ಕೇಳಬಹುದಾದ ಹಕ್ಕಾಗಿದೆ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅಂತಹ ನಿರಾಕರಣವನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ೨೦೦೯ರ ಶಿಕ್ಷಣ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕೆಂದು ಸಾರಿ, ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವದನ್ನು ನಿಷೇಧಿಸಿತು.

ಹಕ್ಕಿನ ಮಾತು ಹೀಗೆ ಮುಗಿದರೂ ಸಾಕ್ಷ್ಯದ ಮಾತು ಮುಗಿದಿಲ್ಲ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯವನ್ನು ಕೇಳಿ ಅದಕ್ಕೆ ತಕ್ಕ ಬೆಲೆ ಕೊಡಬೇಕೆಂದು ೧೯೮೯ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ಅನುಚ್ಛೇದವು ವಿಧಿಸುತ್ತದೆ. ಭಾರತವು ೧೯೯೨ರಲ್ಲಿ ಅದನ್ನು ಒಪ್ಪಿಕೊಂಡಿದೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳಲ್ಲಿ ಶಾಲೆ, ದಾರಿ, ನೀರು, ಶೌಚಾಲಯಗಳ ವಿಷಯವಾಗಿ ಮಕ್ಕಳು ತಾವೇ ಪ್ರಶ್ನೆ ಕೇಳುವದುಂಟು. ಆ ಸಭೆಗಳ ನಡವಳಿಗಳನ್ನು ಶಿಕ್ಷಣದ ಸಂಶೋಧಕರು ಇನಾಮು ಪತ್ರ, ಕೈಫಿಯತ್ತುಗಳಷ್ಟೇ ಆದರದಿಂದ ಸಂಗ್ರಹಿಸಿ ಓದಬೇಕು. ಶಾಲೆಯನ್ನು ಬಿಟ್ಟವರು ಏಕೆ ಬಿಟ್ಟರೆಂಬದನ್ನು ಹಾಜರಿ ಪುಸ್ತಕದಿಂದಲೂ ಅಧ್ಯಾಪಕರಿಂದಲೂ ತಿಳಿಯುವದರ ಜೊತೆಗೆ ಬಿಟ್ಟವರನ್ನೇ ಕೇಳಬೇಕು. ಏನನ್ನು ಕೇಳಬೇಕೆಂಬದನ್ನು ಗೊತ್ತುಮಾಡುವಾಗಲೂ ಅವರನ್ನು ಕೂಡಿಸಿಕೊಳ್ಳಬೇಕು. ಕೇಳುವ ಪ್ರಶ್ನೆಯು ಹಿರಿಯರದೇ ಆದರೆ ಉತ್ತರವೂ ಹಿರಿಯರು ಊಹಿಸಿದ ಮೇರೆಯನ್ನು ದಾಟುವದಿಲ್ಲ.

ಒಟ್ಟಿನಲ್ಲಿ ಧಾರವಾಡದ ಪ್ರಕರಣದಿಂದ ಸಿದ್ಧವಾಗುವದಿಷ್ಟು. ೧೮೫೬ರಲ್ಲಿ ಸರಕಾರದ ಬಳಿ ತತ್ತ್ವಕ್ಕೆ ಕೊರತೆಯಿರಲಿಲ್ಲ. ನ್ಯಾಯವು ಯಾರ ಕಡೆಗಿದೆಯೆಂಬ ಅರಿವಿಗೂ ಕೊರತೆಯಿರಲಿಲ್ಲ. ಶಾಲೆಗೆ ಬರುತ್ತಿದ್ದವರ ಅಸಮಾಧಾನವು ಎಷ್ಟಾದೀತೆಂದು ಅದು ಲೆಕ್ಕ ಹಾಕಿತು. ಶಾಲೆಗೆ ಬಾರದಂತಾದವನ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಲೆಕ್ಕವನ್ನು ಒಪ್ಪಿಸಿದವನು ಅರ್ಜಿದಾರನೊಬ್ಬನೇ. ಕನ್ನಡ ನಾಡಿನ ಶಿಕ್ಷಣೇತಿಹಾಸವನ್ನು ಬರೆಯುವವರು ಎಲಿಯಟ್, ರಸೆಲ್, ಚನ್ನಬಸಪ್ಪನವರ ಹೆಸರುಗಳ ಸಾಲಿನಲ್ಲಿ ಹೆಸರಿಲ್ಲದ ಈ ಬಾಲಕನಿಗೂ ಒಂದು ಸ್ಥಾನವನ್ನು ಕೊಡುವದು ನ್ಯಾಯವಾಗಿದೆ.